ನೆಲಮಾಳಿಗೆಯ ಸರಾಸರಿ

ಪ್ಯೋ ಸಾಹೇಬ ಥರ್ಮಾಮೀಟರ್ ತಂದು ಗೋಡೆಗೆ ತೂಗುಹಾಕಿದ ದಿನ ಮೂವರು ಹೆಂಗಸರೂ ಅವನನ್ನು ಬಾಯಿತುಂಬ ಹರಸಿದರು. ತಪ್ಪು ಅವರದೇ. ವರ್ಷಾನುಗಟ್ಟಲೆ ಬೇರೆಯವರ ನೆಲ ಒರೆಸಿದವರಿಗೆ, ಯಾರಾದರೂ ತಮ್ಮ ಗೋಡೆಗೆ ಒಂದು ಮೊಳೆ ಹೊಡೆದುಕೊಟ್ಟರೂ ದೊಡ್ಡ ಉಪಕಾರ ಎನಿಸುತ್ತದೆ.

ವಲಯ ಕಚೇರಿಯ ನೆಲಮಾಳಿಗೆ ಅದು. ಒಂದು ಕಡೆ ಕಾರುಗಳು, ಇನ್ನೊಂದು ಕಡೆ ಯಂತ್ರಗಳ ಕೋಣೆ. ಎರಡರ ನಡುವೆ, ಮೆಟ್ಟಿಲ ಅಡಿಯಲ್ಲಿ, ಕಸ ಗುಡಿಸುವವರ ವಿಶ್ರಾಂತಿ ಕೋಣೆ. ಹಾಗೆಂದು ಬಾಗಿಲ ಮೇಲೆ ಹಲಗೆ ಇದೆ. ಕಿಟಕಿ ಇಲ್ಲ. ಮೇಲಿನ ಮಹಡಿಗಳು ತಣ್ಣಗಿರಲೆಂದು ಯಂತ್ರಗಳು ಗುರುಗುಟ್ಟುತ್ತವೆ, ಅವುಗಳ ಕಾವು ಈ ಗೋಡೆಗೆ ಬರುತ್ತದೆ. ಗೋಡೆಗೆ ಬೆನ್ನು ಕೊಟ್ಟರೆ ಬೆನ್ನು ಬೇಯುತ್ತದೆ. ಬೆನ್ನು ಕೊಡದಿದ್ದರೆ ಸೊಂಟ ನೋಯುತ್ತದೆ. ಹೆಂಗಸರು ಬೇಯುವುದನ್ನೇ ಆರಿಸಿಕೊಂಡಿದ್ದರು.

ಆ ಕೋಣೆಯಲ್ಲಿ ಏಸಿಯೂ ಇತ್ತು. ಕೂಲಿಯವರು ಕೂರುವ ಕೋಣೆಗೆ ಏಸಿ ಇರಲೇಬೇಕು ಎಂದು ಕಾಯಿದೆ ಬಂದ ವರ್ಷ ತಂದು ಕೂರಿಸಿದ್ದರು. ಇರಬೇಕು ಎಂದಿತ್ತು, ಓಡಬೇಕು ಎಂದು ಇತ್ತೋ ಇಲ್ಲವೋ ಯಾರೂ ಓದಿ ಹೇಳಲಿಲ್ಲ. ಅದರ ರಿಮೋಟು ಎರಡನೇ ಮಹಡಿಯಲ್ಲಿ, ಆಡಳಿತ ವಿಭಾಗದ ಮುಖ್ಯಸ್ಥ ಪ್ಯೋನ ಡ್ರಾಯರಿನಲ್ಲಿ. ಹೆಂಗಸರು ಏಸಿಯ ಮೇಲೆ ಒದ್ದೆ ರಬ್ಬರ್ ಗ್ಲೌಸುಗಳನ್ನು ಒಣಹಾಕುತ್ತಿದ್ದರು. ಐದೈದು ಬೆರಳು ಕೆಳಗೆ ಬಿಟ್ಟುಕೊಂಡು ಅವು ಸಾಲಾಗಿ ನೇತಾಡುತ್ತಿದ್ದವು.

ಮೂವರಲ್ಲಿ ಮುಂದಾಳು ಪಿಲ್‌ನಾಮ್. ಆ ಹೆಸರಿಗೆ 'ಗಂಡೇ ಆಗಬೇಕು' ಎಂದು ಅರ್ಥ. ಮುಂದಿನದಾದರೂ ಗಂಡಾಗಲಿ ಎಂದು ಅಪ್ಪ ಇಟ್ಟದ್ದು. ಅವಳ ಬೆನ್ನಿಗೆ ಮತ್ತೂ ಮೂರು ಹೆಣ್ಣು ಹುಟ್ಟಿದವು. ಘೋಷಣೆ ಕೂಗಿದರೆ ಏನೂ ಆಗುವುದಿಲ್ಲ ಎಂಬುದು ಅವಳಿಗೆ ತೊಟ್ಟಿಲಲ್ಲೇ ಗೊತ್ತಾಗಿತ್ತು. ಬೊಕ್‌ಸುನ್ ಅವಳಿಗಿಂತ ಹಿರಿಯಳು. ರಕ್ತದೊತ್ತಡ ಇದೆ, ಬಾಯಿ ಅದಕ್ಕಿಂತ ಜೋರು. ಹೆರಾನ್ ಕಿರಿಯವಳು. ಕಿರಿಯವಳೆಂದರೆ ಐವತ್ತು ದಾಟಿದವಳು, ಮಂಡಿ ಇನ್ನೂ ಮಡಚುವವಳು. ಭಾರದ ಚೀಲವೆಲ್ಲ ಅವಳ ಪಾಲಿಗೆ.

ಥರ್ಮಾಮೀಟರ್ ಬಂದ ಮೇಲೆ ಪ್ಯೋ ದಿನಾ ಇಳಿದು ಬರತೊಡಗಿದ. ಮಧ್ಯಾಹ್ನ ಊರಿಗೆ ಊರೇ ಏಸಿ ಹಾಕಿಕೊಂಡು ಕರೆಂಟಿನ ಬೇಡಿಕೆ ನೆತ್ತಿಗೇರುವ ಹೊತ್ತಿಗೆ ಸರಿಯಾಗಿ ಅವನು ಹಾಜರು. ಬಾಗಿಲಲ್ಲೇ ನಿಂತು ಕತ್ತು ಉದ್ದ ಮಾಡಿ ಅಂಕಿ ನೋಡುತ್ತಿದ್ದ.

"ಮೂವತ್ತಾರು. ಚೆನ್ನಾಗಿದೆ, ಚೆನ್ನಾಗಿದೆ."

"ಚೆನ್ನಾಗೇನಿದೆ ಸಾಹೇಬ್ರೆ, ಬೆಂದು ಹೋಗ್ತಿದೀವಿ," ಎಂದು ಬೊಕ್‌ಸುನ್ ನಗುತ್ತ ತಣ್ಣನೆಯ ಬಾರ್ಲಿ ನೀರಿನ ಲೋಟ ಅವನ ಕೈಗೆ ಕೊಡುತ್ತಿದ್ದಳು. ಮನೆಯಿಂದ ಹಿಮಗಟ್ಟಿಸಿ ತಂದ ಒಂದೇ ಬಾಟಲಿ ಅದು. ಮೂವರಿಗೂ ಸಂಜೆಯವರೆಗೆ ಅದೇ.

"ನೋಡ್ತಾ ಇದೀನಲ್ಲ ಆಂಟಿ. ದಿನಾ ನೋಡ್ತಾ ಇದೀನಿ," ಎಂದು ಗಟಗಟ ಕುಡಿದು ಅವನು ಹೋಗುತ್ತಿದ್ದ.

ಅವನ ಬೆನ್ನು ಮರೆಯಾದ ಮೇಲೆ ಬೊಕ್‌ಸುನ್‌ಗೆ ಕಣ್ಣು ತುಂಬಿ ಬರುತ್ತಿತ್ತು. "ನನ್ನ ಗಂಡ ಆಸ್ಪತ್ರೆ ಸೇರಿದಾಗ ಡಾಕ್ಟ್ರೂ ಇಷ್ಟು ಸಲ ಬಂದು ನೋಡ್ಲಿಲ್ಲ ಕಣ್ರೆ. ಒಳ್ಳೆ ತಾಯಿ ಹೆತ್ತ ಮಗ."

"ನೋಡಿ ನೋಡಿ ಒಂದಿನ ರಿಮೋಟು ತರ್ತಾನೆ," ಎಂದಳು ಹೆರಾನ್.

"ತರ್ಲಿ ಅಂತಾನೇ ನಾನು ನೀರು ಕೊಡ್ತಿರೋದು. ಸುಮ್ನೆ ಕೊಡಕ್ಕೆ ನಾನೇನು ದೇವರಾ?"

ಅಂಥ ಮನುಷ್ಯನನ್ನು ಅನುಮಾನಿಸಲು ಕಾರಣವೂ ಇರಲಿಲ್ಲ. ಆ ಬೇಸಿಗೆ ಲಿಫ್ಟಿನೊಳಗೆಲ್ಲ ಸರ್ಕಾರದ ಚಿತ್ರ. ಬೀಸಣಿಗೆ ಹಿಡಿದ ಹಿಮಕರಡಿಯೊಂದು ಹಲ್ಲು ಕಿರಿದು ಹೇಳುತ್ತಿತ್ತು: 'ಇಪ್ಪತ್ತೆಂಟು ಡಿಗ್ರಿ ಸಾಕು. ಉಳಿಸೋಣ ಬನ್ನಿ, ನಾವೆಲ್ಲ ಒಂದೇ ಮನೆಯವರು.' ಸರ್ಕಾರಿ ಕಚೇರಿಗಳು ಸರಾಸರಿ ಇಪ್ಪತ್ತೆಂಟಕ್ಕಿಂತ ತಣ್ಣಗಿರಬಾರದು. ತಪಾಸಣೆಗೆ ಬರುತ್ತಾರೆ. ಗೆದ್ದ ಕಚೇರಿಗೆ ಫಲಕ, ಫೋಟೋ. ದೊಡ್ಡ ಸಾಹೇಬರು ಆ ಫಲಕಕ್ಕೆ ಗೋಡೆಯ ಮೇಲೆ ಜಾಗವನ್ನೂ ಖಾಲಿ ಮಾಡಿಸಿದ್ದರು. ಆ ಜಾಗ ಒರೆಸಿದವಳು ಪಿಲ್‌ನಾಮ್.

ಒಂದು ದಿನ ನಾಲ್ಕನೇ ಮಹಡಿಯ ಪಾಯಖಾನೆ ತೊಳೆದು ಬರುವಾಗ ಬೊಕ್‌ಸುನ್‌ಗೆ ಕಣ್ಣು ಕತ್ತಲೆ ಬಂತು. ಕೆಳಗಿಳಿದರೆ ಎದ್ದು ಬರುವ ನಂಬಿಕೆ ಇರಲಿಲ್ಲ. ನೆಲಮಹಡಿಯ ಹಜಾರದಲ್ಲಿ ಮೆತ್ತನೆಯ ಸೋಫಾಗಳಿದ್ದವು. ಅಲ್ಲಿ ಬೋರ್ಡಿತ್ತು: 'ಬಿಸಿಲಿನಿಂದ ಆಸರೆ. ಎಲ್ಲ ನಾಗರಿಕರಿಗೂ ಸ್ವಾಗತ.' ಅವಳು ಹೋಗಿ ಮೂಲೆಯಲ್ಲಿ ಕೂತಳು. ಬಕೆಟನ್ನು ಕಾಲಿನ ಮರೆಗೆ ಸರಿಸಿಕೊಂಡಳು. ಆದರೂ ಪ್ಯೋನ ಕಣ್ಣಿಗೆ ಬಿತ್ತು.

"ಆಂಟಿ, ಇದು ಸಾರ್ವಜನಿಕರಿಗೆ. ಸಿಬ್ಬಂದಿ ಕೂರೋ ಹಾಗಿಲ್ಲ."

"ಹಂಗಾದ್ರೆ ಮೇಲೆ ಸಿಬ್ಬಂದಿ ಊಟದ ಮನೇಲಿ ಕೂತ್ಕೊಳ್ಲಾ? ತಲೆ ತಿರುಗ್ತಿದೆ."

"ಅದು ಕಚೇರಿ ಸಿಬ್ಬಂದಿಗೆ. ನೀವು ಗುತ್ತಿಗೆಯವರು, ನಿಮ್ಮ ಕಂಪನಿ ಬೇರೆ."

"ಅಲ್ಲೂ ಅಲ್ಲ, ಇಲ್ಲೂ ಅಲ್ಲ. ಹಂಗಾದ್ರೆ ನಾನು ಯಾವ ದೇಶದವಳು ಸ್ವಾಮಿ?"

ಪ್ಯೋ ನಕ್ಕ. ಆಂಟಿ ಯಾವಾಗಲೂ ತಮಾಷೆ ಎಂದು ಅಲ್ಲಿದ್ದವರಿಗೆ ಹೇಳಿದ. ಬೊಕ್‌ಸುನ್ ಎದ್ದು, ಮೆಟ್ಟಿಲ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಕೋಣೆಗೆ ಬಂದವಳೇ ಬಕೆಟ್ಟಿನಲ್ಲಿ ವಾಂತಿ ಮಾಡಿಕೊಂಡಳು. ಅವಳ ಕೈ ತಣ್ಣಗಾಗಿತ್ತು, ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಪಿಲ್‌ನಾಮ್ ಅವಳ ಅಂಗಿಯ ಗುಂಡಿ ಬಿಚ್ಚಿ, ಒದ್ದೆ ಬಟ್ಟೆ ಹಾಕಿ, ರಟ್ಟಿನ ಪೆಟ್ಟಿಗೆ ಹರಿದು ಗಾಳಿ ಬೀಸಿದಳು. ಬೀಸಿದಷ್ಟೂ ಬಿಸಿ ಗಾಳಿಯೇ ಬಂತು. ಇವಳು ಇಲ್ಲೇ ಸತ್ತುಹೋಗುತ್ತಾಳೆ ಎಂದು ಪಿಲ್‌ನಾಮ್‌ಗೆ ಅನಿಸಿತು.

ಅವತ್ತೇ ಅವಳು ಪ್ಯೋನ ಮುಂದೆ ಹೋಗಿ ನಿಂತಳು. ರಿಮೋಟು ಕೊಡಿ, ಮಧ್ಯಾಹ್ನ ಒಂದು ಗಂಟೆ ಮಾತ್ರ ಹಾಕುತ್ತೇವೆ, ಅಕ್ಕ ಬದುಕಿಕೊಳ್ಳಲಿ ಎಂದಳು.

"ಪೀಕ್ ಹೊತ್ತಲ್ವಾ ಆಂಟಿ. ದೇಶದ ಕರೆಂಟು. ನಾವೆಲ್ಲ ಒಂದೇ ಮನೆಯವರು, ಸ್ವಲ್ಪ ಸಹಿಸ್ಕೊಬೇಕು," ಎಂದ ಪ್ಯೋ. ಅವನ ಹಿಂದೆ ಗುಮಾಸ್ತೆ ಹುಡುಗಿಯೊಬ್ಬಳು ಉಣ್ಣೆಯ ಸ್ವೆಟರ್ ತೊಟ್ಟು, ತೊಡೆಯ ಮೇಲೆ ಕಂಬಳಿ ಹೊದ್ದು ಟೈಪ್ ಮಾಡುತ್ತಿದ್ದಳು. ಕಂಬಳಿಯ ಮೇಲೂ ಅದೇ ಹಿಮಕರಡಿ ಇತ್ತು.

ಆಮೇಲೆ ಎರಡು ದಿನ ಮಳೆ ಹಿಡಿಯಿತು. ನೆಲಮಾಳಿಗೆಯೂ ಒಂದಿಷ್ಟು ತಣಿಯಿತು. ಬೊಕ್‌ಸುನ್ ಕಾಲು ಚಾಚಿ ನಿದ್ದೆ ಮಾಡಿದಳು. ಪ್ಯೋ ಬಂದು ಅಂಕಿ ನೋಡಿದ. ಮುಖ ಹುಳ್ಳಗಾಯಿತು.

"ಇದೇನಿದು, ಮೂವತ್ತೊಂದು? ಬಾಗಿಲು ತೆಗೆದಿಟ್ಟಿದ್ರಾ?"

"ಹೌದು ಸಾಹೇಬ್ರೆ, ಮಳೆ ಗಾಳಿ ಒಳ್ಳೇದು," ಎಂದಳು ಪಿಲ್‌ನಾಮ್.

"ಮುಚ್ಚಿ, ಮುಚ್ಚಿ. ಕಾರಿನ ಹೊಗೆ ಬರುತ್ತೆ, ನಿಮ್ಮ ಆರೋಗ್ಯಕ್ಕೆ ಕೆಟ್ಟದ್ದು."

ತಾನೇ ಕೈಯಾರೆ ಬಾಗಿಲು ಎಳೆದು ಹೋದ. ಸೆಖೆ ಕಡಿಮೆಯಾದರೆ ಇವನಿಗೇಕೆ ಸಂಕಟ ಎಂದು ಪಿಲ್‌ನಾಮ್ ಬಹಳ ಹೊತ್ತು ಯೋಚಿಸಿದಳು. ತಿಳಿಯಲಿಲ್ಲ.

ತಿಳಿದದ್ದು ಮರುದಿನ ಬೆಳಿಗ್ಗೆ, ಎರಡನೇ ಮಹಡಿಯ ನೆಲ ಒರೆಸುವಾಗ. ವಿಭಾಗಕ್ಕೆ ಹೊಸದಾಗಿ ವರ್ಗವಾಗಿ ಬಂದವನೊಬ್ಬ ಪ್ಯೋನ ಮೇಜಿನ ಮುಂದೆ ಕೂತಿದ್ದ. ಕೈ ಉಜ್ಜಿಕೊಳ್ಳುತ್ತಿದ್ದ.

"ಸರ್, ಇಷ್ಟು ಚಳಿ ಇದ್ರೂ ನಮ್ಮದು ಇಪ್ಪತ್ತೆಂಟು ಅಂತ ಹೇಗೆ ಬರುತ್ತೆ?"

"ಮೂರು ಕಡೆ ಥರ್ಮಾಮೀಟರ್ ಹಾಕಿದೀನಿ. ದೊಡ್ಡ ಸಾಹೇಬ್ರ ಕೋಣೆ ಮುಂದೆ ಇಪ್ಪತ್ನಾಲ್ಕು. ಇಲ್ಲಿ ಇಪ್ಪತ್ನಾಲ್ಕು. ಕೆಳಗೆ ಆಂಟಿಗಳ ಕೋಣೇಲಿ ಮೂವತ್ತಾರು. ಕೂಡಿಸಿ ಮೂರರಿಂದ ಭಾಗಿಸು."

ಹೊಸಬ ಬೆರಳು ಮಡಚಿದ. ಆಮೇಲೆ ಹೋ ಎಂದು ನಕ್ಕ.

"ಕೆಳಗಿನವರು ದುಡೀತಾರೆ, ನಾವು ತಿಂತೀವಿ," ಎಂದ ಪ್ಯೋ. "ನಾಳೆ ತಪಾಸಣೆ. ಮಳೆಯಿಂದ ಕೆಳಗೆ ಇಳಿದುಬಿಟ್ಟಿದೆ. ಅದಕ್ಕೂ ಒಂದು ಉಪಾಯ ಮಾಡಿದೀನಿ."

ಅಷ್ಟರಲ್ಲಿ ಪಿಲ್‌ನಾಮ್‌ಳ ಮಾಪು ಅವನ ಮೇಜಿನ ಕೆಳಗೆ ಬಂತು. ಪ್ಯೋ ಮಾತು ನಿಲ್ಲಿಸದೆ ಎರಡೂ ಕಾಲು ಎತ್ತಿದ. ಮಾಪು ಬಂದರೆ ಕಾಲೆತ್ತಬೇಕು ಎಂಬುದು ಅವನಿಗೆ ರೂಢಿ. ಮಾಪಿನ ಇನ್ನೊಂದು ತುದಿಯಲ್ಲಿ ಒಬ್ಬಳಿದ್ದಾಳೆ, ಅವಳಿಗೆ ಕಿವಿ ಇದೆ ಎಂಬುದು ರೂಢಿಯಲ್ಲಿಲ್ಲ. ಪಿಲ್‌ನಾಮ್ ಅವನ ಕಾಲ ಕೆಳಗೆ ಒರೆಸಿದಳು. ಹಿಂಡಿದಳು. ಇನ್ನೊಮ್ಮೆ ಒರೆಸಿದಳು.

ಕೆಳಗೆ ಬಂದು ಇಬ್ಬರಿಗೂ ಹೇಳಿದಳು. ಹೆರಾನ್ ಎದ್ದವಳೇ ಮಾಪಿನ ಕೋಲು ಎತ್ತಿ ಥರ್ಮಾಮೀಟರ್ ಒಡೆಯಲು ಹೋದಳು. ಪಿಲ್‌ನಾಮ್ ಕೋಲು ಹಿಡಿದುಕೊಂಡಳು. ಬೊಕ್‌ಸುನ್ ಮೊದಲು ನಕ್ಕಳು. ಎಷ್ಟು ನಕ್ಕಳೆಂದರೆ ಕೆಮ್ಮು ಬಂತು.

"ಅಂದ್ರೆ ನಾನು ಬೆವರಿದ್ದಷ್ಟೂ ಆ ಹುಡುಗಿ ಕಂಬಳಿ ಹೊದ್ಕೊಳ್ತಾಳೆ. ನಾನು ವಾಂತಿ ಮಾಡ್ಕೊಂಡ್ರೆ ದೊಡ್ಡ ಸಾಹೇಬ್ರು ಕೋಟು ಹಾಕ್ಕೋತಾರೆ."

"ಹೂಂ ಅಕ್ಕ."

"ಕೂರೋಕೆ ಹೋದ್ರೆ ಹೊರಗಿನವರು. ಕೂಡಿಸೋಕೆ ಮಾತ್ರ ಮನೆಯವರು."

"ಹೂಂ."

ಬೊಕ್‌ಸುನ್ ಗ್ಲೌಸುಗಳನ್ನೇ ನೋಡುತ್ತ ಕೂತಳು. "ನಾನು ಅವನಿಗೆ ಬಾರ್ಲಿ ನೀರು ಕೊಟ್ಟೆ ಕಣೆ. ನಿಮ್ಮಿಬ್ಬರಿಗೂ ಕಡಿಮೆ ಮಾಡಿ ಕೊಟ್ಟೆ." ಅವನ ಮೋಸಕ್ಕಿಂತ ಆ ಒಂದು ಲೋಟ ನೀರು ಮೂವರನ್ನೂ ಹೆಚ್ಚು ಉರಿಸಿತು.

ಮರುದಿನ ಜುಂಗ್‌ಬೊಕ್. ಬೇಸಿಗೆಯ ಬೇಗೆ ಉಕ್ಕುವ ದಿನ. ಊರಿನ ಪ್ರತಿ ಒಲೆಯ ಮೇಲೂ ಕೋಳಿ ಬೇಯಲೇಬೇಕು, ಬಿಸಿ ಸಾರು ಕುಡಿದು ಬೆವರಿ ಸೆಖೆಯನ್ನು ಸೋಲಿಸಬೇಕು. ಬೆಳಿಗ್ಗೆಯೇ ಪ್ಯೋ ನೆಲಮಾಳಿಗೆಗೆ ಬಂದ. ಎರಡೂ ಕೈಯಲ್ಲಿ ಚೀಲ. ಅಂಟಕ್ಕಿ, ಬೆಳ್ಳುಳ್ಳಿ, ಔಷಧಿಯ ಬೇರು ಎಲ್ಲ ಹೊಟ್ಟೆಗೆ ತುಂಬಿ ಕಾಲು ಕಟ್ಟಿದ ಮೂರು ಕೋಳಿ, ದೊಡ್ಡ ಪಾತ್ರೆ, ಪುಟ್ಟ ಗ್ಯಾಸ್ ಒಲೆ. ಬೊಕ್‌ಸುನ್ ಕಣ್ಣು ಕಿರಿದು ಮಾಡಿ ಒಲೆಯನ್ನು ನೋಡಿದಳು. ಅದು ಅವಳದೇ ಒಲೆ. ಹೋದ ಚಳಿಗಾಲ ನೂಡಲ್ಸ್ ಬೇಯಿಸುತ್ತಿದ್ದಾಗ, ಬೆಂಕಿ ಅಪಾಯ ಎಂದು ಇದೇ ಪ್ಯೋ ಕಸಿದುಕೊಂಡು ಹೋಗಿದ್ದ.

"ಹಬ್ಬಕ್ಕೆ ನಮ್ಮ ವಿಭಾಗದಿಂದ. ವರ್ಷವೆಲ್ಲ ದುಡೀತೀರಿ," ಎಂದ ಪ್ಯೋ. "ಇಲ್ಲೇ ಬೇಯಿಸ್ಕೊಂಡು ತಿನ್ನಿ. ಎರಡೂವರೆಗೆ ಒಲೆ ಹಚ್ಚಿದ್ರೆ ಮೂರಕ್ಕೆ ಚೆನ್ನಾಗಿ ಕುದೀತಾ ಇರುತ್ತೆ. ಬಾಗಿಲು ಮಾತ್ರ ಹಾಕ್ಕೊಳಿ. ವಾಸನೆ ಮೇಲೆ ಬಂದ್ರೆ ತಪಾಸಣೆಯವರು ಬೈತಾರೆ. ಮೂರು ಜನಾನೂ ಒಳಗೇ ಇರಿ, ಎಲ್ಲೂ ಹೋಗ್ಬೇಡಿ."

ಮೂವರು ಹೆಂಗಸರೂ ಮುಖಮುಖ ನೋಡಿಕೊಂಡರು. ಉಪಾಯ ಎಂದರೆ ಇದು. ಗೋಡೆ ಸಾಲಲಿಲ್ಲ, ಮೈ ಸಾಲಲಿಲ್ಲ, ಒಲೆಯೂ ಬೇಕಾಯಿತು. ಕೋಳಿಯ ಜೊತೆಗೆ ಇವರನ್ನೂ ಬೇಯಿಸಿ ಫಲಕ ಗೆಲ್ಲುತ್ತಾನೆ. ಪಿಲ್‌ನಾಮ್‌ಗೆ ನಗು ಬಂತು. ಅಷ್ಟೇ ಜೋರಾಗಿ ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

"ನಿಮ್ಮ ಋಣ ದೊಡ್ಡದು ಸಾಹೇಬ್ರೆ," ಎಂದಳು.

ಅವನು ಖುಷಿಯಾಗಿ ಮೆಟ್ಟಿಲು ಹತ್ತಿದ. ಹೆಂಗಸರು ಆಗಲೇ ಬಾಗಿಲು ಅಗಲ ತೆರೆದು, ಒಲೆಯನ್ನು ಹೊರಗೆ ಕಾರಿಳಿಯುವ ದಾರಿಯ ಬಾಯಿಗೆ ಒಯ್ದು, ಗಾಳಿಯಲ್ಲಿ ಕೂತು ಬೇಯಿಸಿದರು. ಎರಡೂವರೆಯ ಹೊತ್ತಿಗೆ ಕೋಳಿ ಮೂಳೆ ಬಿಡುವಷ್ಟು ಬೆಂದಿತ್ತು. ಪಿಲ್‌ನಾಮ್ ಒಲೆ ಆರಿಸಿ ಅಲ್ಲೇ ಬಿಟ್ಟಳು.

"ಎತ್ತಿ," ಎಂದಳು.

"ಎಲ್ಲಿಗೆ?" ಎಂದಳು ಹೆರಾನ್.

"ವಿಶ್ರಾಂತಿ ಕೋಣೆಗೆ."

ಬೊಕ್‌ಸುನ್‌ಗೆ ಮಾತ್ರ ಅರ್ಥವಾಯಿತು. ಅವಳು ಚಾಪೆ ಸುತ್ತಿಕೊಂಡಳು. ಸುತ್ತಿಕೊಂಡು ನಿಂತವಳು, "ಗುತ್ತಿಗೆ ಮುಗಿಸಿಬಿಟ್ಟರೆ?" ಎಂದು ಕೇಳಿದಳು. ಬಾಯಿಜೋರಿನ ಅವಳ ದನಿ ಅಷ್ಟು ಸಣ್ಣಗೆ ಯಾರೂ ಕೇಳಿರಲಿಲ್ಲ. ಪಿಲ್‌ನಾಮ್‌ಗೂ ಅದೇ ಹೆದರಿಕೆ. ವರ್ಷದ ಕೊನೆಗೆ ಒಂದು ಸಹಿ ಬೀಳದಿದ್ದರೆ ಮೂವರೂ ಬೀದಿಗೆ. ಈ ವಯಸ್ಸಿಗೆ ಇನ್ನಾರು ಮಾಪು ಕೊಡುತ್ತಾರೆ?

"ಮುಗಿಸ್ಲಿ ಅಕ್ಕ. ನೀನು ಮುಗಿದುಹೋಗೋದಕ್ಕಿಂತ ವಾಸಿ," ಎಂದು ಅವಳು ಮೊಳೆಯಿಂದ ಥರ್ಮಾಮೀಟರ್ ಬಿಡಿಸಿ, ಅದರ ದಾರವನ್ನು ಬೊಕ್‌ಸುನ್‌ಳ ಕೊರಳಿಗೆ ಹಾಕಿದಳು. ಕೋಣೆಯ ಬಾಗಿಲು ಎಳೆದುಕೊಂಡು ಹೊರಟರು.

ಕೆಲಸದವರು ಮೆಟ್ಟಿಲಲ್ಲೇ ಹತ್ತಬೇಕು ಎಂದು ನಿಯಮ. ಅವತ್ತು ಲಿಫ್ಟಿನಲ್ಲಿ ಹೋದರು. ಹಿಮಕರಡಿ ಹಲ್ಲು ಕಿರಿಯುತ್ತ ದಾರಿಯುದ್ದಕ್ಕೂ ಪಾತ್ರೆಯನ್ನೇ ನೋಡಿತು.

ಆಡಳಿತ ವಿಭಾಗದಲ್ಲಿ ಪ್ಯೋ ಇರಲಿಲ್ಲ. ತಪಾಸಣೆಯವರನ್ನು ಎದುರುಗೊಳ್ಳಲು ಗೇಟಿಗೆ ಹೋಗಿದ್ದ. ಹೆಂಗಸರು ಅವನ ಮೇಜಿನ ಪಕ್ಕದಲ್ಲಿ ಚಾಪೆ ಹಾಸಿದರು. ಬೂಟು ಬಿಚ್ಚಿ ಸಾಲಾಗಿ ಇಟ್ಟರು. ಒಳ್ಳೆಯ ಮನೆಗೆ ಬಂದವರು ಬೂಟು ಬಿಚ್ಚುತ್ತಾರೆ. ಗೋಡೆಯ ಮೇಲೆ ವಿಭಾಗದ ಥರ್ಮಾಮೀಟರ್ ಇತ್ತು. ಪಿಲ್‌ನಾಮ್ ತಮ್ಮದನ್ನು ಅದರ ಪಕ್ಕದ ಮೊಳೆಗೇ ತೂಗುಹಾಕಿದಳು. ಆಮೇಲೆ ಪಾತ್ರೆಯ ಮುಚ್ಚಳ ತೆಗೆದು, ಮೂಲಂಗಿಯ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿ ಬಿಚ್ಚಿ, ಮೂರು ಬಟ್ಟಲಿಗೆ ಬಡಿಸಿದಳು. ಗುಮಾಸ್ತರೆಲ್ಲ ಕುರ್ಚಿ ತಿರುಗಿಸಿ ಬಾಯಿಬಿಟ್ಟುಕೊಂಡು ನೋಡಿದರು. ಕಂಬಳಿಯ ಹುಡುಗಿ ಮೆಲ್ಲಗೆ ಎದ್ದು ಬಂದು ತನ್ನ ಕಂಬಳಿಯನ್ನು ಬೊಕ್‌ಸುನ್‌ಳ ಹೆಗಲಿಗೆ ಹೊದಿಸಿದಳು.

"ಇಲ್ಲಿ ತುಂಬಾ ಚಳಿ ಅಜ್ಜಿ."

"ಇರ್ಲಿ ಮಗ. ಈ ಚಳಿ ನನ್ನದೇ, ನಾನೇ ಕೆಳಗೆ ಕೂತು ದುಡಿದಿದ್ದು," ಎಂದಳು ಬೊಕ್‌ಸುನ್. ಒಂದು ಗುಟುಕು ಸಾರು ಕುಡಿದು ಕಣ್ಣು ಮುಚ್ಚಿದಳು. ಅಷ್ಟು ವರ್ಷದ ಜುಂಗ್‌ಬೊಕ್‌ಗಳಲ್ಲಿ ಬೆವರದೆ ಕುಡಿದ ಮೊದಲ ಸಾರು ಅದು. ಎಲುಬಿಗೆ ಇಳಿಯಿತು.

ಮೂರರ ಹೊತ್ತಿಗೆ ಪ್ಯೋ ತಪಾಸಣೆಯ ಹೆಂಗಸನ್ನು ಕರೆದುಕೊಂಡು ಬಂದ. ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ದೊಡ್ಡ ಸಾಹೇಬರ ಕೋಣೆಯ ಮುಂದೆ ನೋಡಿ ಆಗಿತ್ತು. ಪ್ಯೋ ಒಳಗೆ ಕಾಲಿಟ್ಟವನು ಬೂಟುಗಳ ಸಾಲಿಗೆ ಎಡವಿದ. ತಲೆ ಎತ್ತಿದರೆ ಚಾಪೆ, ಪಾತ್ರೆ, ಕೋಳಿಯ ತೊಡೆ.

"ಇದೇನ್ರೀ ಆಂಟಿ. ಏಳಿ ಇಲ್ಲಿಂದ."

ತಪಾಸಣೆಯ ಹೆಂಗಸು ಗೋಡೆ ನೋಡಿದಳು. "ಇಲ್ಲಿ ಇಪ್ಪತ್ನಾಲ್ಕು. ಮೂರನೇದು ವಿಶ್ರಾಂತಿ ಕೋಣೆಯದಲ್ವಾ, ಅದೆಲ್ಲಿ?"

"ಕೆಳಗಿದೆ ಮೇಡಂ, ಬನ್ನಿ," ಎಂದ ಪ್ಯೋ.

"ಇಲ್ಲೇ ಇದೆ ಮೇಡಂ, ಅದರ ಪಕ್ಕದಲ್ಲಿ," ಎಂದಳು ಪಿಲ್‌ನಾಮ್, ಬಟ್ಟಲು ಕೆಳಗಿಡದೆ. "ಅದೂ ಇಪ್ಪತ್ನಾಲ್ಕೇ."

"ವಿಶ್ರಾಂತಿ ಕೋಣೆಯದು ಇಲ್ಯಾಕಿದೆ?"

"ನಾವು ಇಲ್ಲಿ ವಿಶ್ರಾಂತಿ ತಗೊಳ್ತಿದೀವಿ. ನಾವೆಲ್ಲಿ ಕೂತ್ರೆ ಅದೇ ವಿಶ್ರಾಂತಿ ಕೋಣೆ. ನಾವಿಲ್ಲದಿದ್ರೆ ಅದು ಬರೀ ಮೆಟ್ಟಿಲ ಸಂದಿ."

ಪ್ಯೋನ ಕಿವಿ ಕೆಂಪಾಯಿತು. "ಮೇಡಂ, ದಯವಿಟ್ಟು ಎದ್ದೇಳಿ," ಎಂದ. ತಪಾಸಣೆಯವಳಿಗಲ್ಲ, ಪಿಲ್‌ನಾಮ್‌ಗೆ. ಎಂಟು ವರ್ಷದಲ್ಲಿ ಅವನ ಬಾಯಲ್ಲಿ ಅವಳು ಮೇಡಂ ಆದದ್ದು ಅದೇ ಮೊದಲು. ಅವಳು ಏಳಲಿಲ್ಲ. ಅವನು ಬಗ್ಗಿ ಹಲ್ಲು ಕಚ್ಚಿ, "ಗುತ್ತಿಗೆ ನೆನಪಿರ್ಲಿ," ಎಂದ. ಆಗಲೂ ಅವಳು ಏಳಲಿಲ್ಲ. ಅವಳು ಕೂತ ಜಾಗದಿಂದ ಅವನ ಕಾಲು ಕಾಣುತ್ತಿತ್ತು. ನೆಲದ ಮೇಲೆ ಗಟ್ಟಿಯಾಗಿ ನಿಂತ ಆ ಕಾಲುಗಳನ್ನು ಅವಳು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ, ಯಾವಾಗಲೂ ಅವು ಗಾಳಿಯಲ್ಲಿರುತ್ತಿದ್ದವು.

"ಅಮ್ಮಾ," ಎಂದ ಪ್ಯೋ ಕೊನೆಗೆ. ದನಿ ಒಡೆದಿತ್ತು. "ಅಮ್ಮಾ, ನಿಮ್ಮ ಮಗ ಅಂದ್ಕೊಳಿ, ಕೆಳಗೆ ಹೋಗಿ."

"ಆಯ್ತಪ್ಪ ಮಗನೆ," ಎಂದಳು ಪಿಲ್‌ನಾಮ್. "ಅಮ್ಮನ ಕೋಣೆ ರಿಮೋಟು ಎಲ್ಲಿಟ್ಟಿದೀಯ?"

ಯಾರೋ ಗುಮಾಸ್ತ ಕಿಸಕ್ಕನೆ ನಕ್ಕ. ತಪಾಸಣೆಯ ಹೆಂಗಸು ಇಬ್ಬರನ್ನೂ ನೋಡಿದಳು. ಆಮೇಲೆ ಪಿಲ್‌ನಾಮ್‌ಗೆ, "ಆ ಮೆಟ್ಟಿಲ ಸಂದಿ ತೋರಿಸ್ತೀರಾ?" ಎಂದಳು.

ಕೋಣೆಯ ಬಾಗಿಲು ತೆರೆದದ್ದೇ ಅವಳ ಕನ್ನಡಕ ಮಂಜಾಯಿತು. ಮೇಲಿನ ಚಳಿಯಲ್ಲಿ ತಣ್ಣಗಾದ ಗಾಜು, ಇಲ್ಲಿನ ಹಬೆ. ಏನೂ ಕಾಣದೆ ಅವಳು ಗೋಡೆ ತಡವಿದಳು. ಕೈ ಚುರುಕ್ಕೆಂದು ಹಿಂದಕ್ಕೆಳೆದುಕೊಂಡಳು. ಕನ್ನಡಕ ತೆಗೆದು ಬರಿಗಣ್ಣಲ್ಲಿ ಒಳಗೆ ಬಂದು, ಕೇಳದೆಯೇ ನೆಲದ ಮೇಲೆ ಕೂತಳು. ಎಲ್ಲರೂ ಬಾಗಿಲಲ್ಲಿ ಕಾದರು. ಅವಳ ಹಣೆಯಿಂದ ಬೆವರು ಮೂಗಿಗಿಳಿದು ತೊಟ್ಟಿಕ್ಕಿತು. ಆದರೂ ಕೂತಿದ್ದಳು.

"ಏಸಿ ಇದೆಯಲ್ಲ," ಎಂದಳು ಕೊನೆಗೆ.

"ಇದೆ ಮೇಡಂ. ಗ್ಲೌಸು ಒಣಹಾಕಕ್ಕೆ," ಎಂದಳು ಬೊಕ್‌ಸುನ್.

"ಈ ಕೋಣೆ ಇಪ್ಪತ್ತೆಂಟು ದಾಟಬಾರದು ಅಂತ ಕಾಯಿದೆ ಇದೆ. ಮೇಲಿನದು ಇಪ್ಪತ್ತೆಂಟರ ಕೆಳಗೆ ಹೋಗ್ಬಾರದು ಅಂತ ಇನ್ನೊಂದಿದೆ," ಎಂದಳು ತಪಾಸಣೆಯವಳು ಪ್ಯೋನ ಕಡೆ ತಿರುಗಿ. "ನೀವು ಎರಡನ್ನೂ ಸೇರಿಸಿ ತಲೆಕೆಳಗು ಮಾಡಿದೀರಿ."

ರಿಮೋಟು ಬಂತು. ಒಳಗೆ ಸೆಲ್ಲು ಇರಲಿಲ್ಲ. ಕಂಬಳಿಯ ಹುಡುಗಿ ಓಡಿಹೋಗಿ ಪ್ಯೋನ ಮೇಜಿನ ಮೇಲಿದ್ದ ಗಡಿಯಾರದ ಸೆಲ್ಲುಗಳನ್ನೇ ಬಿಚ್ಚಿ ತಂದಳು. ಏಸಿ ಒಮ್ಮೆ ಕೆಮ್ಮಿ, ಧೂಳು ಉಗುಳಿ, ಎರಡು ಗ್ಲೌಸು ಕೆಡವಿ, ಉಸಿರು ಬಿಟ್ಟಿತು.

ಫಲಕ ಬರಲಿಲ್ಲ. ದೊಡ್ಡ ಸಾಹೇಬರ ಗೋಡೆ ಖಾಲಿ ಇದೆ, ಪಿಲ್‌ನಾಮ್ ಈಗಲೂ ಅದನ್ನು ವಾರಕ್ಕೊಮ್ಮೆ ಒರೆಸುತ್ತಾಳೆ. ತಪ್ಪಿಗೆ ದಂಡವಾಗಿ ಉಳಿದ ಬೇಸಿಗೆಯಿಡೀ ಪೀಕ್ ಹೊತ್ತಿನಲ್ಲಿ ಮೇಲಿನ ಮಹಡಿಗಳ ಏಸಿಯನ್ನು ಸರದಿಯ ಮೇಲೆ ಆರಿಸಬೇಕು ಎಂದು ಆಜ್ಞೆಯಾಯಿತು. ಗುಮಾಸ್ತರ ಕಂಬಳಿಗಳು ಮಡಚಿ ಬೀರುವಿಗೆ ಹೋದವು. ಕೆಳಗಿನ ಕೋಣೆಯ ಏಸಿಯನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ. ಗುತ್ತಿಗೆ ಏನಾಗುತ್ತದೋ ವರ್ಷದ ಕೊನೆಗೆ ಗೊತ್ತಾಗುತ್ತದೆ. ಆ ಹೆದರಿಕೆ ಮೂವರ ಮೈಯಿಂದ ಇಳಿದಿಲ್ಲ, ಆದರೆ ಈಗ ತಣ್ಣನೆಯ ಕೋಣೆಯಲ್ಲಿ ಕೂತು ಹೆದರುತ್ತಾರೆ.

ರಿಮೋಟು ಈಗ ಬೊಕ್‌ಸುನ್‌ಳ ಕೊರಳಲ್ಲಿ, ಥರ್ಮಾಮೀಟರಿನ ದಾರದಲ್ಲೇ ಕಟ್ಟಿಕೊಂಡಿದ್ದಾಳೆ. ಮೊದಲ ದಿನ ಎಷ್ಟಕ್ಕೆ ಇಡಲಿ ಎಂದು ಕೇಳಿದಾಗ ಹೆರಾನ್ ಹದಿನೆಂಟು ಎಂದಳು. ಪಿಲ್‌ನಾಮ್ ಬೇಡ ಎಂದಳು. ಸರ್ಕಾರ ಹೇಳಿದ ಇಪ್ಪತ್ತೆಂಟು ಹೇಗಿರುತ್ತದೆ, ಒಮ್ಮೆ ನೋಡಿಯೇಬಿಡೋಣ ಎಂದಳು. ಇಟ್ಟರು. ಸ್ವಲ್ಪ ಹೊತ್ತಿಗೆ ಬೆವರು ಆರಿತು. ಬೆನ್ನು ಗೋಡೆಗೆ ಒರಗಿತು. ಬೊಕ್‌ಸುನ್ ಬೆರಗಾಗಿ 'ಇಷ್ಟೇನಾ?' ಎಂದಳು. "ಇಪ್ಪತ್ತೆಂಟು ಅಂದ್ರೆ ಇಷ್ಟು ಸುಖಾನಾ? ಇಷ್ಟರಲ್ಲಿ ಇರಕ್ಕಾಗದೆ ಅವರು ನಮ್ಮನ್ನ ಬೇಯಿಸಿದ್ರಾ?"

ಪಿಲ್‌ನಾಮ್ ಏಸಿಯ ಮೇಲೆ ಉಳಿದಿದ್ದ ಗ್ಲೌಸುಗಳನ್ನು ಒಂದೊಂದಾಗಿ ತೆಗೆದಿಟ್ಟಳು.

ಎರಡನೇ ಮಹಡಿಯ ಸರದಿ ಬಂದ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಪ್ಯೋ ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಟೈ ಕಿಸೆಯಲ್ಲಿತ್ತು. ಕೈಯಲ್ಲಿ ಹಿಮಕರಡಿಯ ಬೀಸಣಿಗೆ.

"ಮೇಲೆ ಕೂರಕ್ಕಾಗ್ತಿಲ್ಲ ಅಮ್ಮ. ತಲೆ ತಿರುಗ್ತಿದೆ. ಐದು ನಿಮಿಷ ಒಳಗೆ ಕೂತ್ಕೊಳ್ಲಾ?"

ಪಿಲ್‌ನಾಮ್‌ಗೆ ಒಂದು ಕ್ಷಣ ಅಯ್ಯೋ ಅನಿಸಿತು. ಅವನ ತುಟಿಯೂ ಒಣಗಿತ್ತು. ಬೊಕ್‌ಸುನ್ ಎದ್ದು ಬಂದಳು. ಬಾಗಿಲ ಬಳಿ ಹೊಸ ದಾರದಲ್ಲಿ ಮತ್ತೆ ನೇತುಬಿದ್ದಿದ್ದ ಥರ್ಮಾಮೀಟರನ್ನು ತೆಗೆದು ಅವನ ಒದ್ದೆ ಅಂಗಿಯ ಎದೆಗೆ ಒತ್ತಿ ಹಿಡಿದಳು. ಕತ್ತು ಉದ್ದ ಮಾಡಿ ಅಂಕಿ ನೋಡಿದಳು.

"ಮೂವತ್ತಾರು. ಚೆನ್ನಾಗಿದೆ, ಚೆನ್ನಾಗಿದೆ."

ಪ್ಯೋ ನಗಲು ನೋಡಿದ. ಆಂಟಿ ಯಾವಾಗಲೂ ತಮಾಷೆ. ಅವಳು ನಗಲಿಲ್ಲ. ಆ ದಿನದ ಒಂದೇ ಬಾಟಲಿಯಿಂದ ಒಂದು ಲೋಟ ಬಾರ್ಲಿ ನೀರು ಬಗ್ಗಿಸಿ ಅವನ ಕೈಗೆ ಕೊಟ್ಟಳು, ತುಂಬಾ ಕೊಟ್ಟಳು.

"ಕುಡ್ಕೊಂಡು ನೆಲಮಹಡಿಗೆ ಹೋಗಿ ಮಗನೆ. ಅಲ್ಲಿ ಸೋಫಾ ಇದೆ, ನಾಗರಿಕರಿಗೆ. ಇಲ್ಲಿ ಬೇಡ."

"ಯಾಕಮ್ಮ, ಜಾಗ ಇದೆಯಲ್ಲ?"

"ಜಾಗ ಇದೆ," ಎಂದಳು ಬೊಕ್‌ಸುನ್. "ನೀವು ಒಳಗೆ ಬಂದ್ರೆ ನಮ್ಮ ಸರಾಸರಿ ಕೆಡುತ್ತೆ."

ಪಿಲ್‌ನಾಮ್ ಎದ್ದು ಬಂದು, ಅವನ ಕಾಲ ಬೆರಳು ಸಿಕ್ಕಿಕೊಳ್ಳದ ಹಾಗೆ ನೋಡಿಕೊಂಡು, ಬಾಗಿಲು ಹಾಕಿದಳು.